ತಪ್ಪು ಯಾರದೆಂದು ವಿಮಾ ಕಂಪನಿ ಹೇಳಿದ್ದೇ ಕೊನೆಯ ಮಾತಲ್ಲ

ಮಾನ್ಯ ಸಂಪಾದಕರೇ,

ಕಾರು ಅಪಘಾತವಾಗಿ ಕ್ಲೇಮ್ ಹಾಕಿದವರಿಗೆ ಕೆಲವು ವಾರಗಳ ಮೇಲೆ ವಿಮಾ ಕಂಪನಿಯಿಂದ ಒಂದು ಪತ್ರ ಬರುತ್ತದೆ. 'ಅಪಘಾತವು ನಿಮ್ಮ ಚಾಲಕರ ನಿರ್ಲಕ್ಷ್ಯದಿಂದ ಆಗಿದೆ' ಎಂದೋ, 'ಎರಡೂ ಕಡೆ ಸಮಪಾಲು ತಪ್ಪಿದೆ' ಎಂದೋ ಅದರಲ್ಲಿ ಒಂದು ಸಾಲು ಇರುತ್ತದೆ. ಬಹಳ ಜನ ಅದನ್ನು ಕೋರ್ಟಿನ ತೀರ್ಪೆಂದೇ ತಿಳಿದು ಸುಮ್ಮನಾಗುತ್ತಾರೆ. ಅದು ತೀರ್ಪಲ್ಲ. ಹಣ ಕೊಡಬೇಕಾದ ಪಕ್ಷವೇ ತನಗೆ ಸಿಕ್ಕ ಕಾಗದಗಳನ್ನು ನೋಡಿ ಬರೆದುಕೊಂಡ ಅಭಿಪ್ರಾಯ. ಅದನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿಗಳಿವೆ, ಬಹುಪಾಲಿಗೆ ಖರ್ಚೂ ಇಲ್ಲ. ಆದರೆ ಯಾವ ಕ್ಲೇಮಿಗೆ ಯಾವ ದಾರಿ ಎಂಬುದು ಗೊತ್ತಿಲ್ಲದೆ ಜನ ತಪ್ಪು ಬಾಗಿಲು ತಟ್ಟುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಮೊದಲು ನೋಡಬೇಕಾದದ್ದು, ಹಣ ಕೇಳುತ್ತಿರುವುದು ನಿಮ್ಮ ಕಂಪನಿಯಿಂದಲೋ ಎದುರು ವಾಹನದ ಕಂಪನಿಯಿಂದಲೋ ಎಂದು. ನಿಮ್ಮ ಕಾರಿನ ರಿಪೇರಿಗೆ ನಿಮ್ಮದೇ ಸಮಗ್ರ ಪಾಲಿಸಿಯಲ್ಲಿ 'ಓನ್ ಡ್ಯಾಮೇಜ್' ಕ್ಲೇಮ್ ಹಾಕಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆಯೇ ಮುಖ್ಯವಲ್ಲ. ಆ ಪಾಲಿಸಿ ಇರುವುದೇ ಆಕಸ್ಮಿಕ ಹಾನಿಗೆ, ಮತ್ತು ಆಕಸ್ಮಿಕಗಳಲ್ಲಿ ಹೆಚ್ಚಿನವು ಯಾರದೋ ಅಜಾಗರೂಕತೆಯಿಂದಲೇ ಆಗುತ್ತವೆ. ನಿಮ್ಮ ಚಾಲಕ ಬ್ರೇಕ್ ತಡವಾಗಿ ಒತ್ತಿದ, ತಿರುವಿನಲ್ಲಿ ಅಂದಾಜು ತಪ್ಪಿದ ಎಂಬ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಲು ಬರುವುದಿಲ್ಲ. ತಿರಸ್ಕರಿಸಲು ಪಾಲಿಸಿಯಲ್ಲೇ ಬರೆದ ಕಾರಣ ಬೇಕು: ಸರಿಯಾದ ಚಾಲನಾ ಪರವಾನಗಿ ಇಲ್ಲದಿರುವುದು, ಕುಡಿದು ಓಡಿಸಿದ್ದು, ಖಾಸಗಿ ಕಾರನ್ನು ಬಾಡಿಗೆಗೆ ಬಿಟ್ಟದ್ದು, ಇಂಥವು. ಕೆಲವೊಮ್ಮೆ ಕಂಪನಿಗಳು ವಾಹನವನ್ನು ಹಾನಿಯಿಂದ ಕಾಪಾಡಲು ಎಲ್ಲ ಸೂಕ್ತ ಕ್ರಮ ಕೈಗೊಳ್ಳಬೇಕೆಂಬ ಷರತ್ತನ್ನು ಎಳೆದು ತಂದು ಮಾಮೂಲಿ ಚಾಲನಾ ತಪ್ಪಿಗೂ ಅಂಟಿಸುತ್ತವೆ. ಆ ಷರತ್ತು ವಾಹನವನ್ನು ಸುಸ್ಥಿತಿಯಲ್ಲಿ ಇಡುವುದರ ಬಗ್ಗೆ, ಅಪಘಾತವಾದ ಗಾಡಿಯನ್ನು ಕಾವಲಿಲ್ಲದೆ ಬಿಡದಿರುವುದರ ಬಗ್ಗೆ, ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಿಸದಿರುವುದರ ಬಗ್ಗೆ ಇರುವಂಥದ್ದು. 'ನಿರ್ಲಕ್ಷ್ಯ' ಎಂಬ ಒಂದೇ ಪದದ ಮೇಲೆ ಕ್ಲೇಮ್ ನಿರಾಕರಿಸಿದ್ದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ. ಎಷ್ಟೋ ಪ್ರಕರಣಗಳಲ್ಲಿ ಈ ಪ್ರಶ್ನೆಗೆ ನೇರ ಉತ್ತರ ಇರುವುದಿಲ್ಲ.

ಕಡಿತದ ಹಣವನ್ನೂ ತಪ್ಪಿನ ಹಂಚಿಕೆಯನ್ನೂ ಬೆರೆಸಿಕೊಳ್ಳಬಾರದು. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ 50 ಪ್ರತಿಶತ ಸವಕಳಿ (ಹಳತಾದ ಭಾಗದ ಬೆಲೆ ಇಳಿಕೆ), ಲೋಹದ ಭಾಗಗಳಿಗೆ ವಾಹನದ ವಯಸ್ಸಿನ ಲೆಕ್ಕದಲ್ಲಿ ಸವಕಳಿ, 1500 ಸಿಸಿವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2000 ರೂಪಾಯಿ ಕಡ್ಡಾಯ ಕಡಿತ. ಇವು ಪಾಲಿಸಿಯ ಲೆಕ್ಕ, ನಿಮ್ಮ ಮೇಲೆ ಹೊರಿಸಿದ ತಪ್ಪಲ್ಲ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಹಾಗೆಯೇ. ತಪ್ಪು ಪೂರ್ತಿ ಎದುರಿನವನದಾಗಿದ್ದರೂ ನಿಮ್ಮ ಪಾಲಿಸಿಯಿಂದ ರಿಪೇರಿ ಹಣ ಪಡೆದರೆ ಬೋನಸ್ ಹೋಗುತ್ತದೆ. ಇದು ಅನ್ಯಾಯವೆಂದು ತೋರಬಹುದು, ಆದರೆ ನಿಯಮ ಇರುವುದೇ ಹಾಗೆ.

ಎದುರು ವಾಹನದ ಕಂಪನಿಯಿಂದ ಹಣ ಬರಬೇಕಾದರೆ ಮಾತ್ರ ತಪ್ಪು ಯಾರದೆಂಬುದು ನಿರ್ಣಾಯಕವಾಗುತ್ತದೆ. ಆ ಕಂಪನಿಗೆ ನೀವು ಗ್ರಾಹಕರಲ್ಲ, ಥರ್ಡ್ ಪಾರ್ಟಿ. ಆದ್ದರಿಂದ ಅದರ ವಿರುದ್ಧ ಪಾಲಿಸಿದಾರರ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಬಳಿಗಾಗಲಿ ಗ್ರಾಹಕರ ಆಯೋಗಕ್ಕಾಗಲಿ ಹೋದರೆ ದೂರು ಅಲ್ಲಿಂದಲೇ ಹಿಂದೆ ಬರುತ್ತದೆ. ಹೋಗಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ. ಗಾಯ, ಸಾವು ಮಾತ್ರವಲ್ಲ, ಕಾರಿನ ಹಾನಿಗೂ ಅಲ್ಲಿ ಅರ್ಜಿ ಹಾಕಬಹುದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಅಪಘಾತವಾದ ಜಾಗದ, ನೀವು ವಾಸಿಸುವ ಊರಿನ, ಅಥವಾ ಎದುರು ಪಕ್ಷದವರು ಇರುವ ಊರಿನ ನ್ಯಾಯಮಂಡಳಿ, ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. 2019ರ ತಿದ್ದುಪಡಿಯು ಅರ್ಜಿ ಹಾಕಲು ಅಪಘಾತದ ದಿನದಿಂದ 6 ತಿಂಗಳ ಗಡುವು ಇಟ್ಟಿದೆ. ಕಂಪನಿಯ ಜೊತೆ ಫೋನಿನಲ್ಲಿ ಮಾತಾಡುತ್ತಾ ಈ 6 ತಿಂಗಳನ್ನು ಕಳೆದುಕೊಳ್ಳಬಾರದು.

ಇನ್ನು ಕಾಗದಗಳು. 50 ಸಾವಿರ ರೂಪಾಯಿ ಮೀರಿದ ಮೋಟಾರು ಕ್ಲೇಮಿಗೆ ಪರವಾನಗಿ ಪಡೆದ ಸರ್ವೇಯರ್ (ಹಾನಿಯನ್ನು ನೋಡಿ ಅಂದಾಜು ಮಾಡುವವರು) ವರದಿ ಬೇಕು. ಆ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ವರದಿ ಓದುವಾಗ ಮೂರು ವಿಷಯ ಹುಡುಕಬೇಕು: ಸರ್ವೇಯರ್ ಸ್ಥಳಕ್ಕೆ ಹೋಗಿದ್ದರೋ ಅಥವಾ ಗ್ಯಾರೇಜಿನಲ್ಲಿ ನಿಂತಿದ್ದ ಕಾರನ್ನಷ್ಟೇ ನೋಡಿದರೋ, ಎದುರು ವಾಹನವನ್ನು ನೋಡಿದರೋ ಇಲ್ಲವೋ, ಅಪಘಾತ ಹೇಗಾಯಿತೆಂಬ ವಿವರ ಎಲ್ಲಿಂದ ಬಂತು. ಎದುರು ವಾಹನವನ್ನು ಕಣ್ಣಾರೆ ನೋಡದೆ ಬರೆದ ತಪ್ಪಿನ ಹಂಚಿಕೆ ಬರೀ ಊಹೆ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ, ಸಕಾರಣವಿದ್ದರೆ ಅದನ್ನು ಬದಿಗಿಡಬಹುದು ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ.

ಮೂರನೆಯ ವಿಷಯದಲ್ಲೇ ಹೆಚ್ಚಿನ ತಕರಾರುಗಳ ಬೇರು ಇರುವುದು. ಕ್ಲೇಮ್ ಫಾರಂನಲ್ಲಿ 'ಅಪಘಾತದ ವಿವರ' ಎಂಬ ಖಾನೆಯನ್ನು ಎಷ್ಟೋ ಸಲ ಗ್ಯಾರೇಜಿನ ಸಿಬ್ಬಂದಿಯೇ ತುಂಬಿ, ಮಾಲೀಕರಿಂದ ಸಹಿ ಮಾತ್ರ ಹಾಕಿಸಿಕೊಳ್ಳುತ್ತಾರೆ. 'ಮುಂದಿನ ವಾಹನಕ್ಕೆ ಡಿಕ್ಕಿ ಹೊಡೆದಿದೆ' ಎಂದು ಒಂದೇ ಸಾಲು ಬರೆದು ಬಿಡುತ್ತಾರೆ. ಹಿಂದಿನಿಂದ ಲಾರಿ ಗುದ್ದಿ ಮುಂದಕ್ಕೆ ತಳ್ಳಿತು ಎಂಬ ಮಾತೇ ಅಲ್ಲಿರುವುದಿಲ್ಲ. ಆಮೇಲೆ ನೀವು ನಿಜ ಹೇಳಿದರೂ 'ಮೊದಲ ಹೇಳಿಕೆ ಬದಲಿಸಿದ್ದಾರೆ' ಎಂಬ ಅಪವಾದ ಬರುತ್ತದೆ. ಆ ಖಾನೆಯನ್ನು ನೀವೇ ತುಂಬಿ. ಸಮಯ, ದಿಕ್ಕು, ಲೇನ್, ಅಂದಾಜು ವೇಗ, ಮೊದಲ ಪೆಟ್ಟು ಎಲ್ಲಿ ಬಿತ್ತು, ಎರಡನೆಯದು ಎಲ್ಲಿ ಎಂದು ಕ್ರಮವಾಗಿ ಬರೆಯಿರಿ. ಜಾಗ ಸಾಲದಿದ್ದರೆ ಬೇರೆ ಹಾಳೆ ಲಗತ್ತಿಸಿ, ಸಹಿ ಹಾಕುವ ಮುನ್ನ ಇಡೀ ಫಾರಂನ ಫೋಟೊ ತೆಗೆದುಕೊಳ್ಳಿ. ಈಗಾಗಲೇ ತಪ್ಪು ವಿವರ ಹೋಗಿದ್ದರೆ ತಕ್ಷಣ ತಿದ್ದುಪಡಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ತಡವಾದಷ್ಟೂ ಅದರ ಬೆಲೆ ಕಡಿಮೆ.

ರಸ್ತೆಯಲ್ಲೇ ರಾಜಿ ಮಾಡಿಕೊಳ್ಳುವುದೂ ಅಪಾಯ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪು ಒಪ್ಪಿಕೊಳ್ಳಬಾರದು, ಹಣ ಕೊಡುವ ಮಾತು ಕೊಡಬಾರದು ಎಂದು ಪಾಲಿಸಿಯ ಷರತ್ತೇ ಹೇಳುತ್ತದೆ. ಸುತ್ತ ಸೇರಿದ ಜನರ ಒತ್ತಡಕ್ಕೆ ಬರೆದುಕೊಟ್ಟ ನಾಲ್ಕು ಸಾಲು ಆಮೇಲೆ ಕೊರಳಿಗೆ ಸುತ್ತಿಕೊಳ್ಳುತ್ತದೆ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸುವುದು, ಪೊಲೀಸರಿಗೂ ವಿಮಾ ಕಂಪನಿಗೂ ತಿಳಿಸುವುದು ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕನ ಕರ್ತವ್ಯ. ಅದನ್ನು ಮಾಡಿ, ತಪ್ಪು ಯಾರದೆಂಬ ಚರ್ಚೆಯನ್ನು ಅಲ್ಲಿ ಬೆಳೆಸಬೇಡಿ.

'ಹಿಂದಿನಿಂದ ಗುದ್ದಿದವನದೇ ತಪ್ಪು' ಎಂಬುದು ಕಂಪನಿಗಳ ಬಾಯಲ್ಲಿ ಹೆಚ್ಚು ಕೇಳುವ ಮಾತು. ಮುಂದಿನ ವಾಹನದಿಂದ ಸಾಕಷ್ಟು ಅಂತರ ಬಿಡಬೇಕೆಂಬ ನಿಯಮ ಇರುವುದು ನಿಜ. ಆದರೆ ಮುಂದಿನವನು ಹಠಾತ್ತಾಗಿ ಲೇನ್ ಕತ್ತರಿಸಿ ಬಂದಿರಬಹುದು, ಹಿಮ್ಮುಖವಾಗಿ ಬಂದಿರಬಹುದು, ಏರಿನಲ್ಲಿ ಹಿಂದಕ್ಕೆ ಜಾರಿರಬಹುದು. ಮೂರಕ್ಕೂ ಕಾರಿನ ಮೈಮೇಲೆ ಗುರುತು ಉಳಿಯುತ್ತದೆ. ನೇರ ಹಿಂದಿನಿಂದ ಬಿದ್ದ ಡಿಕ್ಕಿಯಲ್ಲಿ ಬಂಪರ್ ಅಗಲಕ್ಕೂ ಜಜ್ಜಿರುತ್ತದೆ. ಕತ್ತರಿಸಿ ಬಂದದ್ದಾದರೆ ಒಂದು ಮೂಲೆ ಮಾತ್ರ ಓರೆಯಾಗಿ ಕುಸಿದು, ಪಕ್ಕದ ಫೆಂಡರ್ ಮೇಲೆ ಗೀರು ಎಳೆದಿರುತ್ತದೆ. ಜೋರಾಗಿ ಬ್ರೇಕ್ ಹಾಕಿದ ಕಾರಿನ ಮೂತಿ ಕೆಳಕ್ಕೆ ಬಾಗುತ್ತದೆ, ಆದ್ದರಿಂದ ಅದರ ಬಾನೆಟ್ ಅಂಚು ಮುಂದಿನ ಗಾಡಿಯ ಬಂಪರಿನ ಅಡಿಗೆ ನುಗ್ಗಿದ ಗುರುತು ಸಿಗುತ್ತದೆ. ನಿಂತಿದ್ದ ಕಾರಿಗೆ ಮುಂದಿನ ಗಾಡಿಯೇ ಹಿಮ್ಮುಖವಾಗಿ ಬಂದು ಗುದ್ದಿದರೆ ಎರಡು ಬಂಪರುಗಳ ಗುರುತು ಮಾಮೂಲಿ ಎತ್ತರದಲ್ಲೇ ಹೊಂದುತ್ತವೆ.

ಮೂರು ಕಾರುಗಳ ಸರಣಿ ಡಿಕ್ಕಿಯಲ್ಲಿ ಮಧ್ಯದವನಿಗೆ ಅನ್ಯಾಯವಾಗುವುದು ಹೆಚ್ಚು. ಅವನು ಸಕಾಲಕ್ಕೆ ನಿಂತಿದ್ದು, ಹಿಂದಿನವನು ಗುದ್ದಿ ಮುಂದಕ್ಕೆ ತಳ್ಳಿದನೋ, ಅಥವಾ ಅವನೇ ಮೊದಲು ಮುಂದಿನವನಿಗೆ ಗುದ್ದಿ ಆಮೇಲೆ ಹಿಂದಿನಿಂದ ಪೆಟ್ಟು ತಿಂದನೋ? ಇದಕ್ಕೆ ಉತ್ತರ ಬಹಳ ಸಲ ಮುಂದಿನ ಕಾರಿನವನ ಬಳಿ ಇರುತ್ತದೆ: ಅವನಿಗೆ ಒಂದೇ ಪೆಟ್ಟು ತಾಗಿತೋ ಎರಡೋ? ಒಂದೇ ಎಂದಾದರೆ ಮಧ್ಯದವನನ್ನು ತಳ್ಳಲಾಗಿದೆ ಎಂಬುದಕ್ಕೆ ಬಲ ಬರುತ್ತದೆ. ಮಧ್ಯದ ಕಾರಿನ ಹಿಂಭಾಗದ ಜಜ್ಜು ಮುಂಭಾಗದ್ದಕ್ಕಿಂತ ಆಳವಾಗಿದ್ದರೆ ಅದೂ ಅದೇ ಕಡೆಗೆ ಬೆರಳು ತೋರಿಸುತ್ತದೆ. ಮುಂದಿನ ಚಾಲಕನಿಂದ ದಿನಾಂಕ, ಸಹಿಯೊಂದಿಗೆ ಎರಡು ಸಾಲು ಬರೆಸಿಕೊಂಡರೆ ಸಾಕು, ಮುಂದೆ ತಿಂಗಳುಗಟ್ಟಲೆ ವಾದ ಮಾಡುವುದು ತಪ್ಪುತ್ತದೆ. ಸರ್ವೇಯರ್ ಇದನ್ನು ಕೇಳುವುದು ಅಪರೂಪ, ನೀವೇ ಪಡೆಯಬೇಕು.

ಪಕ್ಕಕ್ಕೆ ಉಜ್ಜಿಕೊಂಡು ಹೋದ ಅಪಘಾತಗಳಲ್ಲಿ ಗೀರಿನ ದಿಕ್ಕು ನೋಡಿ. ವೇಗವಾಗಿ ಹೋದ ಗಾಡಿಯ ಮೇಲೆ ಗೀರು ಮುಂದಿನಿಂದ ಹಿಂದಕ್ಕೆ, ನಿಧಾನವಾಗಿದ್ದರ ಮೇಲೆ ಹಿಂದಿನಿಂದ ಮುಂದಕ್ಕೆ ಓಡಿರುತ್ತದೆ. 'ಇಂಡಿಕೇಟರ್ ಹಾಕಿರಲಿಲ್ಲ', 'ಹೆಡ್‌ಲೈಟ್ ಇರಲಿಲ್ಲ' ಎಂಬ ವಾದ ಬಂದರೆ ಒಡೆದ ಬಲ್ಬನ್ನು ಎಸೆಯಬೇಡಿ. ಹಳೆಯ ಬಗೆಯ ತಂತಿ ಬಲ್ಬಾದರೆ, ಉರಿಯುತ್ತಿದ್ದಾಗ ಪೆಟ್ಟು ಬಿದ್ದದ್ದರ ತಂತಿ ಹಿಗ್ಗಿ ಸೊಟ್ಟಗಾಗಿರುತ್ತದೆ. ಆರಿದ್ದ ಬಲ್ಬಿನ ತಂತಿ ತುಂಡಾಗಬಹುದೇ ಹೊರತು ಹೀಗೆ ಹಿಗ್ಗುವುದಿಲ್ಲ. ಎಲ್‌ಇಡಿ ದೀಪಗಳಲ್ಲಿ ಈ ಪರೀಕ್ಷೆ ನಡೆಯದು. ಬಿಚ್ಚಿದ ಭಾಗಗಳನ್ನು ತಕರಾರು ಮುಗಿಯುವವರೆಗೆ ಇಟ್ಟಿರಬೇಕೆಂದು ಗ್ಯಾರೇಜಿಗೂ ಕಂಪನಿಗೂ ರಿಪೇರಿಗೆ ಮೊದಲೇ ಬರೆದು ಕೊಡಿ.

ವೇಗದ ಆರೋಪಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬಹುದು. ಡ್ಯಾಶ್‌ಕ್ಯಾಮ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ ಎನ್ನೋಣ. ರಸ್ತೆ ಪಕ್ಕದ ಎರಡು ಕಂಬಗಳ ನಡುವಿನ ದೂರವನ್ನು ಟೇಪು ಹಿಡಿದು ಅಳೆದಾಗ 18 ಮೀಟರ್ ಬಂತು, ಕಾರು ಅದನ್ನು ದಾಟಲು 36 ಚಿತ್ರ ತೆಗೆದುಕೊಂಡಿತು ಎಂದರೆ 1.2 ಸೆಕೆಂಡು, ಸೆಕೆಂಡಿಗೆ 15 ಮೀಟರ್, ಗಂಟೆಗೆ 54 ಕಿಲೋಮೀಟರ್. 'ಬ್ರೇಕ್ ಹಾಕಿ ತಪ್ಪಿಸಬಹುದಿತ್ತು' ಎಂಬ ಮಾತಿಗೂ ಹೀಗೆಯೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ ಕಾರು 25 ಮೀಟರ್ ಹೋಗಿರುತ್ತದೆ, ಒಣ ಡಾಂಬರಿನ ಮೇಲೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. 20 ಮೀಟರ್ ಮುಂದೆ ಅಡ್ಡ ನುಗ್ಗಿದ ವಾಹನವನ್ನು ಯಾರೇ ಆದರೂ ತಪ್ಪಿಸಲಾರರು. ಈ ಲೆಕ್ಕವನ್ನು ಆಕ್ಷೇಪಣೆ ಪತ್ರದಲ್ಲಿ ಬಿಡಿಸಿ ಬರೆಯಿರಿ.

ವಿಡಿಯೊ ವಿಷಯದಲ್ಲಿ ಎರಡು ಎಚ್ಚರಿಕೆ. ಡ್ಯಾಶ್‌ಕ್ಯಾಮ್ ಹಳೆಯ ಕಡತದ ಮೇಲೆಯೇ ಹೊಸದನ್ನು ಬರೆಯುತ್ತದೆ, ಆದ್ದರಿಂದ ಅಂದೇ ಮೆಮೊರಿ ಕಾರ್ಡ್ ತೆಗೆದಿಡಿ. ಸುತ್ತಮುತ್ತಲ ಸಿಸಿಟಿವಿ ದೃಶ್ಯಗಳೂ ಕೆಲವೇ ದಿನಗಳಲ್ಲಿ ಅಳಿಸಿ ಹೋಗುತ್ತವೆ. ಕ್ಯಾಮೆರಾ ಮಾಲೀಕರಿಗೆ ಅದನ್ನು ಉಳಿಸಿಡುವಂತೆ ಪತ್ರ ಕೊಡಿ, ತನಿಖಾಧಿಕಾರಿಗೆ ಅದನ್ನು ತರಿಸಿಕೊಳ್ಳುವಂತೆ ಅರ್ಜಿ ಕೊಡಿ. ನ್ಯಾಯಮಂಡಳಿಯಲ್ಲಿ ಪ್ರತಿಯನ್ನು ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಸಂಖ್ಯೆ ಸಮೇತ. ವಾಟ್ಸಾಪಿನಲ್ಲಿ ಬಂದ ತುಣುಕು ಕುಗ್ಗಿಸಿದ ಪ್ರತಿ, ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಪೊಲೀಸ್ ಕಾಗದಗಳನ್ನು ಜನ ಅತಿಯಾಗಿ ನಂಬುತ್ತಾರೆ, ಇಲ್ಲವೇ ಅತಿಯಾಗಿ ಹೆದರುತ್ತಾರೆ. ಎಫ್‌ಐಆರ್‌ನಲ್ಲಿ ಹೆಸರು ಬಂದ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ದೋಷಾರೋಪಣ ಪಟ್ಟಿಗೆ ತೂಕವಿದೆ, ಆದರೆ ಅದೂ ಅಂತಿಮವಲ್ಲ. ದೊಡ್ಡ ಗಾಡಿಯದೇ ತಪ್ಪು ಎಂಬ ರಸ್ತೆ ಬದಿಯ ನ್ಯಾಯಕ್ಕೆ ಕಾನೂನಿನಲ್ಲಿ ಆಧಾರವಿಲ್ಲ. ಸ್ಥಳ ಮಹಜರು, ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ ಮೂರನ್ನೂ ಪಡೆದು ಒಂದರ ಪಕ್ಕ ಒಂದಿಟ್ಟು ನೋಡಿ. ನಕ್ಷೆಯಲ್ಲಿ ಡಿಕ್ಕಿಯಾದ ಜಾಗ ರಸ್ತೆಯ ಎಡ ಅಂಚಿನಿಂದ ಎಷ್ಟು ಅಡಿ ಎಂದು ಬರೆದಿದೆಯೇ, ಗಾಜಿನ ಚೂರು ಬಿದ್ದ ಜಾಗ ಗುರುತಿಸಿದ್ದಾರೆಯೇ, ನಿರೀಕ್ಷಕರ ವರದಿಯ ಜಖಂ ಆ ನಕ್ಷೆಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಬೇಕು. ಗಾಯ, ಸಾವಿನ ಪ್ರಕರಣಗಳಲ್ಲಿ 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯಲ್ಲಿ ಮೊದಲ ಅಪಘಾತ ವರದಿಯನ್ನೂ 90 ದಿನದಲ್ಲಿ ಸವಿವರ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಸವಿವರ ವರದಿ ಸಿದ್ಧವಾಗುವ ಮುನ್ನವೇ ನಿಮ್ಮ ದಾಖಲೆಗಳು ತನಿಖಾಧಿಕಾರಿಯ ಕೈಸೇರಲಿ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಕೋರ್ಟಿಗೆ ಅಲೆಯುವುದು ಬೇಡವೆಂದು ಎಷ್ಟೋ ಚಾಲಕರು ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗುತ್ತಾರೆ. ಆ ಆದೇಶದ ಪ್ರತಿ ಮುಂದೆ ಪರಿಹಾರದ ಮೊಕದ್ದಮೆಯಲ್ಲಿ ಅವರ ವಿರುದ್ಧದ ಸಾಕ್ಷ್ಯವಾಗಿ ಬಂದು ಕೂರುತ್ತದೆ. ತಪ್ಪು ನಿಮ್ಮದಲ್ಲವೆಂದಾದರೆ, ವಕೀಲರನ್ನು ಕೇಳದೆ ಆ ಕೆಲಸ ಮಾಡಬೇಡಿ.

'ಅರ್ಧರ್ಧ ತಪ್ಪು' ಎಂಬ ನಿರ್ಧಾರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ. ತನಿಖೆ ಮಾಡದವರಿಗೆ ಅದು ಅನುಕೂಲ. ಸಹನಿರ್ಲಕ್ಷ್ಯ, ಅಂದರೆ ಅಪಘಾತದಲ್ಲಿ ನಿಮ್ಮ ತಪ್ಪಿನ ಪಾಲೂ ಇದೆ, ಎನ್ನಬೇಕಾದರೆ ನಿಮ್ಮ ಯಾವ ಕೃತ್ಯ ಅಪಘಾತಕ್ಕೆ ಕಾರಣವಾಯಿತು ಎಂದು ತೋರಿಸಬೇಕು, ಅದನ್ನು ತೋರಿಸುವ ಹೊಣೆ ಹಾಗೆ ಹೇಳುವವರದು. ನಿಯಮ ಮುರಿದದ್ದು ಬೇರೆ, ಅಪಘಾತಕ್ಕೆ ಕಾರಣವಾದದ್ದು ಬೇರೆ. ಪರವಾನಗಿ ಇಲ್ಲದ್ದೇ ಸಹನಿರ್ಲಕ್ಷ್ಯವಾಗದು ಎಂದು 2008ರಲ್ಲಿ, ಬೈಕಿನಲ್ಲಿ ಮೂವರು ಕೂತದ್ದಷ್ಟೇ ಸಹನಿರ್ಲಕ್ಷ್ಯವಾಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಿನಲ್ಲಿ ಸುಮ್ಮನೆ ಕೂತಿದ್ದ ಪ್ರಯಾಣಿಕರಿಗಂತೂ ಈ ಹಂಚಿಕೆ ಅನ್ವಯಿಸುವುದೇ ಇಲ್ಲ. ಎರಡು ವಾಹನಗಳ ಕೂಡು ತಪ್ಪಿನಿಂದ ಅವರಿಗೆ ಗಾಯವಾದರೆ ಪೂರ್ತಿ ಪರಿಹಾರವನ್ನು ಯಾವುದಾದರೂ ಒಂದು ಕಡೆಯಿಂದಲೇ ಕೇಳಬಹುದು ಎಂಬುದು 2015ರ ತೀರ್ಪು.

ಆಕ್ಷೇಪಣೆ ಪತ್ರ ಎರಡು ಪುಟ ಮೀರಬೇಕಿಲ್ಲ. ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ಕಂಪನಿಯ ಪತ್ರದ ದಿನಾಂಕ, ಅದರಲ್ಲಿ ನೀವು ಒಪ್ಪದ ವಾಕ್ಯ, ಆ ವಾಕ್ಯಕ್ಕೆ ವಿರುದ್ಧವಾದ ದಾಖಲೆ, ಕೊನೆಗೆ ನಿಮಗೆ ಬೇಕಾದ ಮೊತ್ತ. ಕೋಪದ ಮಾತು ಬೇಡ, ಅದು ಓದುವವರ ಗಮನವನ್ನು ದಾಖಲೆಯಿಂದ ತಪ್ಪಿಸುತ್ತದೆ. ನಿಮ್ಮದೇ ಕಂಪನಿಯಾದರೆ ಪತ್ರ ಅದರ ಕುಂದುಕೊರತೆ ಅಧಿಕಾರಿಗೆ ಹೋಗಬೇಕು. ಅವರಿಗೆ 14 ದಿನ ಕಾಲಾವಕಾಶ. ಜೊತೆಗೆ ವಿಮಾ ನಿಯಂತ್ರಣ ಪ್ರಾಧಿಕಾರದ 'ಬಿಮಾ ಭರೋಸಾ' ಜಾಲತಾಣದಲ್ಲೂ ದಾಖಲಿಸಿ, 155255ಕ್ಕೆ ಕರೆ ಮಾಡಿಯೂ ದೂರು ಕೊಡಬಹುದು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್‌ಗೆ ದೂರು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಅವಕಾಶವೂ ಇಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಆದೇಶಿಸಬಹುದು, ಆ ಆದೇಶಕ್ಕೆ ಕಂಪನಿ ಬದ್ಧವಾಗಿರಬೇಕು. ಅದೇ ವಿಷಯ ಗ್ರಾಹಕರ ಆಯೋಗದಲ್ಲೋ ಕೋರ್ಟಿನಲ್ಲೋ ಇದ್ದರೆ ಓಂಬುಡ್ಸ್‌ಮನ್ ಕೈಹಾಕುವುದಿಲ್ಲ, ಆದ್ದರಿಂದ ಮೊದಲು ಅಲ್ಲಿಗೆ ಹೋಗುವುದೇ ಜಾಣತನ. ಗ್ರಾಹಕರ ಆಯೋಗಕ್ಕೆ 2 ವರ್ಷದ ಗಡುವು. ಅಲ್ಲಿ ವ್ಯಾಪ್ತಿ ನಿರ್ಧಾರವಾಗುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ, ಕ್ಲೇಮಿನ ಮೊತ್ತದ ಮೇಲಲ್ಲ. ಹೀಗಾಗಿ ಕಾರಿನ ಪ್ರಕರಣಗಳು ಜಿಲ್ಲಾ ಆಯೋಗದಲ್ಲೇ, ಸಾಮಾನ್ಯವಾಗಿ ಶುಲ್ಕವಿಲ್ಲದೆಯೇ ದಾಖಲಾಗುತ್ತವೆ.

ಕಂಪನಿ ಕಡಿಮೆ ಹಣಕ್ಕೆ 'ಪೂರ್ಣ ಮತ್ತು ಅಂತಿಮ' ಎಂಬ ರಸೀತಿಗೆ ಸಹಿ ಕೇಳಿದರೆ, 'ಆಕ್ಷೇಪಣೆಯೊಂದಿಗೆ, ಬಾಕಿಯ ಹಕ್ಕು ಕಾಯ್ದಿರಿಸಿಕೊಂಡು' ಎಂದು ಸಹಿಯ ಮೇಲೆ ಬರೆಯಿರಿ. ಬರೆಯಲು ಬಿಡದಿದ್ದರೆ ಅದೇ ದಿನ ಇಮೇಲ್ ಕಳಿಸಿ. ಒತ್ತಾಯದಿಂದ ಪಡೆದ ರಸೀತಿ ಹಕ್ಕನ್ನು ಕಸಿಯುವುದಿಲ್ಲ ಎಂಬುದು ಕಾನೂನು, ಆದರೆ ಒತ್ತಾಯವಿತ್ತೆಂದು ತೋರಿಸಲು ಆ ದಿನದ ಕಾಗದ ಬೇಕು.

ವಿಮಾ ಕಂಪನಿಗಳಲ್ಲೂ ನಿಯಂತ್ರಣ ಪ್ರಾಧಿಕಾರದಲ್ಲೂ ಒಂದು ಬೇಡಿಕೆ ಇದೆ. ತಪ್ಪಿನ ಹಂಚಿಕೆ ಮಾಡಿ ಹಣ ಕಡಿಮೆ ಮಾಡುವ ಪ್ರತಿಯೊಂದು ಪತ್ರದ ಜೊತೆಗೂ ಸರ್ವೇಯರ್ ವರದಿ, ತನಿಖಾ ವರದಿ, ಆಧರಿಸಿದ ಷರತ್ತು ಅಥವಾ ರಸ್ತೆ ನಿಯಮದ ಸಂಖ್ಯೆ, ದೂರು ಕೊಡುವ ವಿಳಾಸ ಮತ್ತು ಗಡುವು ತಾನಾಗಿಯೇ ಬರಬೇಕು. ಅದೂ ಪಾಲಿಸಿದಾರರು ಓದಬಲ್ಲ ಭಾಷೆಯಲ್ಲಿ, ಎಂದರೆ ಇಲ್ಲಿ ಕನ್ನಡದಲ್ಲಿ. ಪ್ರೀಮಿಯಂ ನೆನಪಿಸಲು ಕನ್ನಡದಲ್ಲಿ ಸಂದೇಶ ಕಳಿಸಬಲ್ಲ ಕಂಪನಿಗಳಿಗೆ ಇದು ಆಗದ ಕೆಲಸವಲ್ಲ.

ಇಂತಿ,
ಮೋಟಾರು ವಿಮೆ ತಕರಾರುಗಳನ್ನು ಬಲ್ಲ ಒಬ್ಬ ಓದುಗ